ಅರ್ಧ ಪುಟದ ತಿದ್ದುಪಡಿ

ನನ್ನ ಹೆಸರು ಪರದೇಶದ ಪತ್ರಿಕೆಗಳಲ್ಲಿ ಅತಿ ಹೆಚ್ಚು ಸಲ ಅಚ್ಚಾಗಿರುವುದು ಒಂದು ತಪ್ಪು ಲೇಖನದ ಕಾರಣಕ್ಕೆ. ವಿನಯಕ್ಕಾಗಿ ಈ ಮಾತು ಹೇಳುತ್ತಿಲ್ಲ. ವಿನಯ ನನ್ನ ಸ್ವಭಾವದಲ್ಲೇ ಇಲ್ಲ, ನನ್ನ ಕೈಕೆಳಗೆ ಕೆಲಸ ಮಾಡಿದವರನ್ನು ಕೇಳಿದರೆ ಗೊತ್ತಾಗುತ್ತದೆ. ನಾನು ಜೀವಕೋಶಗಳನ್ನು ಓದುವವಳು. ಸೂಕ್ಷ್ಮದರ್ಶಕದ ಮೇಲೆ ಬಗ್ಗಿ ಬಗ್ಗಿ ಕತ್ತು ಸೊಟ್ಟ ಮಾಡಿಕೊಂಡವಳು. ನಾನು ಬರೆದವುಗಳಲ್ಲಿ ನಾಲ್ಕಾರು ಒಳ್ಳೆಯ ಲೇಖನಗಳಿವೆ, ಅವನ್ನು ಓದಿದವರು ಬೆರಳೆಣಿಕೆಯಷ್ಟು ಮಂದಿ. ಎಲ್ಲರೂ ತಮ್ಮ ಲೇಖನದ ಕೊನೆಯಲ್ಲಿ ಉಲ್ಲೇಖಿಸಿದ್ದು ಆ ಒಂದನ್ನೇ. ಮೊನ್ನೆ ಕೂಡ ಒಬ್ಬ ಕಿರಿಯ ಸಂಶೋಧಕಿ ಬಂದು, "ಮೇಡಂ, ನಿಮ್ಮ ಆ ಪ್ರಸಿದ್ಧ ಪೇಪರ್" ಎಂದು ಶುರುಮಾಡಿದಳು. ಅವಳನ್ನು ಕೂರಿಸಿಕೊಂಡು, ಅದು ಯಾಕೆ ತಪ್ಪು ಎಂದು ಹೇಳಿದೆ. ಚಹಾ ಕುಡಿಯದೆ ಎದ್ದು ಹೋದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಅವಳಿಗೆ ಹೇಳದೆ ಬಿಟ್ಟ ಭಾಗವನ್ನೂ ಸೇರಿಸಿ.

ನಾನು ಹುಟ್ಟಿ ಬೆಳೆದದ್ದು ನಿಪ್ಪಾಣಿಯಲ್ಲಿ. ಅಪ್ಪ ನಾನು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಿದ್ದ. ಅವ್ವ ಮತ್ತು ಅವಳ ತಂಗಿ, ಅಂದರೆ ನನ್ನ ಚಿಗವ್ವ, ಇಬ್ಬರೂ ಒಂದೇ ತಂಬಾಕಿನ ವಖಾರಿಗೆ ಕೆಲಸಕ್ಕೆ ಹೋಗುತ್ತಿದ್ದರು. ಚಿಗವ್ವನನ್ನು ಗಂಡ ಬಿಟ್ಟಿದ್ದ, ಮಕ್ಕಳಿರಲಿಲ್ಲ. ಹೀಗಾಗಿ ಒಂದೇ ಮನೆಯಲ್ಲಿ ಇಬ್ಬರು ಅವ್ವಂದಿರ ಕೈಯಲ್ಲಿ ಬೆಳೆದೆ. ಹೆತ್ತವಳು ಮಾತು ಕಡಿಮೆಯವಳು, ಚಿಗವ್ವನದು ಬಾಯಿ ತುಂಬ ಮಾತು. ಚಿಗವ್ವ ಈಗ ಇಲ್ಲ. ತೊಂಬತ್ತರ ದಶಕ ಮುಗಿಯುವುದರೊಳಗೆ ಹೋದಳು.

ವಖಾರಿ ಎಂದರೆ ಒಣಗಿದ ತಂಬಾಕಿನ ಎಲೆಯನ್ನು ಬಡಿದು, ಜರಡಿ ಹಿಡಿದು, ಕಡ್ಡಿ ಬೇರೆ ಪುಡಿ ಬೇರೆ ಮಾಡುವ ಉದ್ದನೆಯ ಕೋಣೆ. ಗಾಳಿ ಬಂದರೆ ಪುಡಿ ಹಾರಿಹೋಗುತ್ತದೆ ಎಂದು ಜರಡಿ ಹಿಡಿಯುವ ಹೊತ್ತಿನಲ್ಲಿ ಬಾಗಿಲು, ಕಿಟಕಿ ಎಲ್ಲ ಮುಚ್ಚುತ್ತಿದ್ದರು. ಹೊಸಬರು ಒಳಗೆ ಕಾಲಿಟ್ಟರೆ ಸೀನಿ ಸೀನಿ ಕಣ್ಣೀರು ಸುರಿಸಿಕೊಂಡು ಹೊರಗೆ ಓಡಬೇಕು. ಸಂಜೆ ಇಬ್ಬರೂ ಮನೆಗೆ ಬಂದು ಸೆರಗು ಝಾಡಿಸಿದರೆ ಓದುತ್ತ ಕೂತ ನನಗೆ ಕೆಮ್ಮು ಬರುತ್ತಿತ್ತು. ಆಗ ಚಿಗವ್ವ, "ಕೆಮ್ಮ ಬೇ, ಕೆಮ್ಮ. ಇದ ಧೂಳ ಕುಡದ ನಿನಗ ಇಂಗ್ಲಿಷ್ ಬರಾಕತ್ತೈತಿ" ಎನ್ನುತ್ತಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಧೂಳಿನ ದುಡಿಮೆಯಲ್ಲೇ ನಾನು ಚಿಕ್ಕೋಡಿಯ ಕಾಲೇಜಿಗೆ ಹೋದೆ, ಆಮೇಲೆ ಧಾರವಾಡಕ್ಕೆ, ಅಲ್ಲಿಂದ ಪುಣೆಯ ಒಂದು ಪ್ರಯೋಗಾಲಯಕ್ಕೆ.

ಪುಣೆಯಲ್ಲಿ ನನಗೆ ಸಿಕ್ಕ ಗುರುಗಳು ನಮ್ಮ ಕಡೆಯವರೇ, ರಾಯಬಾಗದವರು. ಎಂಬತ್ತರ ದಶಕದ ನಡುವೆ ಒಂದು ದಿನ ಅವರು, "ಪುಸ್ತಕದಾಗಿಂದ ಪ್ರಶ್ನೆ ತರಬ್ಯಾಡ. ನಿನಗ ಕಾಡೂ ಪ್ರಶ್ನೆ ತೊಗೊಂಡ ಬಾ" ಎಂದರು. ನನ್ನನ್ನು ಕಾಡುತ್ತಿದ್ದದ್ದು ವಖಾರಿ. ವರ್ಷಾನುಗಟ್ಟಲೆ ಆ ಧೂಳಿನಲ್ಲಿ ಕೂತವರ ಬಾಯೊಳಗಿನ ಜೀವಕೋಶಗಳಿಗೆ ಏನಾಗುತ್ತದೆ? ತಂಬಾಕು ತಿನ್ನದೆ, ಸೇದದೆ, ಬರೀ ಕೈಯಾಡಿಸಿದರೆ ಪೆಟ್ಟಾಗುತ್ತದೆಯೇ? ಗುರುಗಳು ಮೇಜು ತಟ್ಟಿ, "ಮಾಡು" ಎಂದರು.

ಕೆಲಸದ ವಿಧಾನ ಸರಳ. ಐಸ್‌ಕ್ಯಾಂಡಿಗೆ ಹಾಕುವ ಹೊಸ ಕಡ್ಡಿಗಳನ್ನು ನೀರಿನಲ್ಲಿ ಕುದಿಸಿ ಒಣಗಿಸುವುದು, ಅದರಿಂದ ಕೆನ್ನೆಯ ಒಳಭಾಗವನ್ನು ಮೆಲ್ಲಗೆ ಕೆರೆದು ಗಾಜಿನ ಪಟ್ಟಿಗೆ ಸವರುವುದು, ಸ್ಪಿರಿಟ್ಟಿನಲ್ಲಿ ಅದ್ದಿ ಪುಣೆಗೆ ಒಯ್ಯುವುದು. ಅಲ್ಲಿ ಬಣ್ಣ ಹಾಕಿ ನೋಡಿದರೆ ಪ್ರತಿ ಕೋಶದ ನಡುವೆ ಒಂದು ದುಂಡನೆಯ ಕೇಂದ್ರ ಕಾಣುತ್ತದೆ. ಕೋಶಕ್ಕೆ ಪೆಟ್ಟಾಗಿದ್ದರೆ ಆ ಕೇಂದ್ರದ ಪಕ್ಕದಲ್ಲಿ ಇನ್ನೊಂದು ಸಣ್ಣ ಚುಕ್ಕೆ ಇರುತ್ತದೆ, ರೊಟ್ಟಿ ಬಡಿಯುವಾಗ ಮುದ್ದೆಯಿಂದ ಸಿಡಿದ ಹಿಟ್ಟಿನ ಚೂರಿನ ಹಾಗೆ. ಸಾವಿರಾರು ಕೋಶಗಳನ್ನು ನೋಡಿ ಆ ಚೂರುಗಳನ್ನು ಎಣಿಸಬೇಕು.

ವಖಾರಿಯ ಹೆಂಗಸರು ನಾನು ಕಡ್ಡಿ ಹಿಡಿದು ಬಂದಾಗ ನಗಾಡಿದರು. ಅವರಿಗೆ ನಾನು ಲಂಗ ತೊಟ್ಟು ಅವ್ವನ ಬುತ್ತಿ ತರುತ್ತಿದ್ದ ಹುಡುಗಿಯೇ. "ನಮ್ಮ ಎಂಜಲಾ ಪುಣೆಕ್ಕ ಹೊಂಟೈತ್ರೆವ್ವಾ, ನಾವ ಇಲ್ಲೇ ಉಳದೇವಿ" ಎಂದಳು ಒಬ್ಬಳು. ಆದರೂ ತಂಬಾಕು ತಿನ್ನುವುದಿಲ್ಲ, ಸೇದುವುದಿಲ್ಲ ಎಂದವರೆಲ್ಲ ಒಬ್ಬರ ಹಿಂದೊಬ್ಬರು ಬಂದು ಬಾಯಿ ತೆರೆದರು. ಚಿಗವ್ವ ಮುಂದೆ ನಿಂತು ಸಾಲು ಹಚ್ಚಿದಳು.

ಇನ್ನು ಹೋಲಿಕೆಗೆ ಬೇರೊಂದು ಗುಂಪು ಬೇಕು. ವಖಾರಿಯ ಮುಖವನ್ನೇ ನೋಡದ, ತಂಬಾಕು ಬಳಸದ, ಅದೇ ವಯಸ್ಸಿನ ಹೆಂಗಸರು. ಅವ್ವನ ತವರು ಹೊಳೆಯ ದಂಡೆಯ ಜುಗೂಳ. ಅಲ್ಲಿ ಸೋದರಮಾವನ ಹೆಂಡತಿ, ನನ್ನ ಅತ್ತಿ, ಇಡೀ ಓಣಿಗೆ ಹಿರಿಯಳಿದ್ದ ಹಾಗೆ. ಹೊಲ, ಎಮ್ಮೆ, ಮನೆ ಬಿಟ್ಟರೆ ಬೇರೆ ತಿಳಿಯದ ಹೆಂಗಸರನ್ನು ಅವಳು ತನ್ನ ಕಟ್ಟೆಯ ಮೇಲೆ ಕೂಡಿಸಿದಳು. ನಾನು ಅಚ್ಚುಹಾಕಿಸಿದ ಕಾಗದ ಹಿಡಿದು ಕೇಳಿದೆ, "ತಂಬಾಕ ತಿಂತೀರೇನ್ರಿ? ಎಲಿಯಡಿಕಿ ಜೋಡಿ ಹಾಕ್ಕೋತೀರೇನ್ರಿ? ಬೀಡಿ?"

ಅವರಿಗೆ ಸಿಟ್ಟೇ ಬಂತು. "ಗಂಡಸರಂಗ ತಂಬಾಕ ನಾವ್ಯಾಕ ತಿನ್ನೂಣ ತಂಗಿ? ಮನಿತನಸ್ತ ಹೆಣ್ಮಕ್ಕಳ ಅದೇವಿ ನಾವು" ಎಂದಳೊಬ್ಬಳು. ಉಳಿದವರು ತಲೆಯಾಡಿಸಿದರು. ಇಲ್ಲ, ಇಲ್ಲ, ಇಲ್ಲ ಎಂದು ಸಾಲಾಗಿ ಬರೆದುಕೊಂಡೆ. ಇಷ್ಟು ಶುದ್ಧವಾದ ಗುಂಪು ಯಾವ ಸಂಶೋಧಕಿಗೆ ಸಿಕ್ಕೀತು ಎಂದು ಒಳಗೊಳಗೇ ಹಿಗ್ಗಿದೆ.

ಎಣಿಸಿದೆ. ಎರಡೂ ಗುಂಪಿನಲ್ಲಿ ಆ ಚೂರುಗಳು ಹೆಚ್ಚುಕಡಿಮೆ ಒಂದೇ ಸಮ. ನಂಬಿಕೆ ಬರದೆ ಗಾಜಿನ ಪಟ್ಟಿಗಳ ಮೇಲಿನ ಹೆಸರು ಮರೆಮಾಡಿ ಮತ್ತೆ ಎಣಿಸಿದೆ. ಅಷ್ಟೇ ಬಂತು. ನಿಜ ಹೇಳುತ್ತೇನೆ, ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅವ್ವ, ಚಿಗವ್ವ ಜೀವ ತೇಯ್ದ ಆ ಕೋಣೆ ಅವರಿಗೇನೂ ಮಾಡಿಲ್ಲ. ನಾನು ಓದಿದ್ದು ಅವರ ಮೈ ತಿಂದಲ್ಲ. ಗುರುಗಳು, "ಏನೂ ಆಗಿಲ್ಲ ಅನ್ನೂದೂ ಒಂದ ಫಲಿತಾಂಶನ ನೋಡವ್ವ. ಬರಿ" ಎಂದರು. ತಂಬಾಕಿನಲ್ಲಿ ಕೈಯಾಡಿಸುವ ಕೆಲಸದಿಂದಲೇ ಬಾಯಿಯ ಜೀವಕೋಶಗಳಿಗೆ ಹಾನಿಯಾಗುವಂತೆ ಕಾಣುವುದಿಲ್ಲ ಎಂದು ಎಂಟು ಪುಟ ಬರೆದೆ. ಪರದೇಶದ ಒಂದು ಪತ್ರಿಕೆ ಅದನ್ನು ಪ್ರಕಟಿಸಿತು.

ಆಗ ಕಂಪ್ಯೂಟರಿನಲ್ಲಿ ಗುಂಡಿ ಒತ್ತಿ ಉಲ್ಲೇಖ ನೋಡುವ ಕಾಲವಲ್ಲ. ಗ್ರಂಥಾಲಯದ ಮೂಲೆಯಲ್ಲಿ ಉಲ್ಲೇಖ ಸೂಚಿಯ ದಪ್ಪ ದಪ್ಪ ಸಂಪುಟಗಳಿರುತ್ತಿದ್ದವು. ತೆಳು ಕಾಗದ, ಇರುವೆ ಸಾಲಿನಂಥ ಅಕ್ಷರ. ನಿಮ್ಮ ಹೆಸರು ಹುಡುಕಿ, ಅದರ ಕೆಳಗೆ ನಿಮ್ಮನ್ನು ಯಾರು ಯಾರು ಉಲ್ಲೇಖಿಸಿದ್ದಾರೆ ಎಂದು ನೋಡಬೇಕು. ಮೊದಲ ವರ್ಷ ನನ್ನ ಹೆಸರಿನ ಕೆಳಗೆ ಒಂದು ಉಗುರಿನಷ್ಟು ಜಾಗ. ಮರುವರ್ಷ ಬೆರಳಿನ ಒಂದು ಗೆಣ್ಣು. ಆಮೇಲೆ ಇಡೀ ಬೆರಳು. ಗುರುಗಳು ಭೂತಗನ್ನಡಿ ಹಿಡಿದು ನನ್ನ ಜೊತೆ ಬಗ್ಗಿ ನೋಡಿ, "ಮಕ್ಕಳ ದೊಡ್ಡವರಾಗಿ ಎಲ್ಲ್ಯರ ಹೋಗತಾರ. ಉಲ್ಲೇಖ ಮಾತ್ರ ವರ್ಷಾ ತಪ್ಪದ ಮನಿಗೆ ಬರತಾವು" ಎನ್ನುತ್ತಿದ್ದರು. ಯಾರು ಉಲ್ಲೇಖಿಸಿದರು, ಯಾತಕ್ಕೆ ಎಂದು ನಾನು ಹುಡುಕಿ ಓದಲಿಲ್ಲ. ಬೆರಳಿಟ್ಟು ಅಳೆದೆ, ಅಷ್ಟೇ. ಆ ಬೆರಳಿನಳತೆಯ ಮೇಲೆ ನನಗೆ ಕಾಯಂ ನೌಕರಿಯಾಯಿತು, ಬಾಗಿಲ ಮೇಲೆ ಹೆಸರಿರುವ ಕೋಣೆ ಸಿಕ್ಕಿತು.

ತೊಂಬತ್ತರ ದಶಕದ ಮೊದಲಲ್ಲಿ ಒಂದು ದೀಪಾವಳಿಗೆ ನಿಪ್ಪಾಣಿಗೆ ಬಂದೆ. ಅವ್ವ ಕೆಲಸ ಬಿಟ್ಟಿದ್ದಳು, ಚಿಗವ್ವ ಇನ್ನೂ ಹೋಗುತ್ತಿದ್ದಳು. ಊಟಕ್ಕೆ ಕೂತಾಗ ಅವಳು ವಖಾರಿಯ ಸುದ್ದಿ ತೆಗೆದಳು. ಹೆಂಗಸರೆಲ್ಲ ಕೂಡಿ, ಜರಡಿ ಹಿಡಿಯುವಾಗ ಮೇಲಿನ ಎರಡು ಕಿಟಕಿಯನ್ನಾದರೂ ತೆರೆಯಿರಿ ಎಂದು ಕೇಳಿದ್ದರಂತೆ. ಮಾಲಕನ ಲೆಕ್ಕಪತ್ರ ನೋಡುವ ದಿವಾಣಜಿ ಒಳಗೆ ಹೋಗಿ ಒಂದು ಝೆರಾಕ್ಸ್ ಪ್ರತಿ ತಂದು ಅವರ ಮುಂದೆ ಹಿಡಿದನಂತೆ.

"ನಿಮ್ಮ ವಖಾರಿ ಮಗಳ ಬರದಾಳ ನೋಡ್ರಿ, ಫಾರಿನ್ನಿನ ಪುಸ್ತಕದಾಗ ಬಂದೈತಿ, ಧೂಳದಿಂದ ಏನೂ ಆಗೂದಿಲ್ಲ ಅಂತ. ಇನ್ನ ಖಿಡಕಿ ಯಾಕ ಬೇಕ ನಿಮಗ, ಅಂದಾ" ಎಂದಳು ಚಿಗವ್ವ. "ನಿನ್ನ ಹೆಸರಿನ ಮ್ಯಾಲೆ ಬೆರಳ ಇಟ್ಟ ತೋರಿಸಿದಾ. ನನಗ ಖುಷಿನೂ ಆತು. ಆದ್ರ ಕಣ್ಣ ಉರೀತಾವಲ್ಲ ಬೇ, ಎದಿ ಕಟ್ಟತೈತೆಲ್ಲ. ಅದೆಲ್ಲಾ ಸುಳ್ಳೇನ ಹಂಗಾರ?"

ನಾನು ರೇಗಿದೆ. "ಕಣ್ಣ ಉರಿಯೂದ ಬ್ಯಾರೆ, ಕೋಶ ಕೆಡೂದ ಬ್ಯಾರೆ ಚಿಗವ್ವಾ. ನಾ ಕುಂತ ಎಣಿಸೇನಿ. ಎಣಿಸಿದ್ದನ್ನ ಬರದೇನಿ. ಅದಕ್ಕ ಯಾರ ಏನ ಹೇಳ್ಕೋತಾರ ಅನ್ನೂದ ನನ್ನ ಕೆಲಸಲ್ಲ."

"ಹಂಗಲ್ಲ, ನೀ ಬರದದ್ದ ಖರೇನ ಇರತೈತಿ" ಎಂದಳು ಚಿಗವ್ವ. ಅವ್ವ ತಾಟು ಎತ್ತಿದಳು. ನನ್ನ ಮೇಲೆ ಅವರಿಗಿದ್ದ ಆ ನಂಬಿಕೆಯನ್ನು ನಾನು ಅಂದು ನನ್ನ ಹಕ್ಕೆಂದು ತಿಳಿದಿದ್ದೆ.

ಎರಡು ದಿನ ಬಿಟ್ಟು ಜುಗೂಳದಲ್ಲಿ ಅತ್ತಿಯ ಮೊಮ್ಮಗನ ನಾಮಕರಣ ಇತ್ತು. ಅವ್ವನಿಗೆ ಮೊಣಕಾಲು ನೋವು, ನಾನೊಬ್ಬಳೇ ಹೊರಟೆ. ಹೊರಡುವಾಗ ಅವ್ವ ಬಟ್ಟೆಯ ಗಂಟೊಂದನ್ನು ಕೈಗಿಟ್ಟು, "ಅತ್ತಿಗಿ ಕೊಡು. ಹಾದಿ ನೋಡಾಕತ್ತಿರತಾಳ" ಎಂದಳು. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರು ಮೂಗು ಮುಚ್ಚಿಕೊಂಡು, "ಏನೈತ್ರಿ ಬಾಯಾರ ಗಂಟಿನ್ಯಾಗ? ಘಾಟ ನೆತ್ತಿಗಿ ಏರಾಕತ್ತೈತಿ" ಎಂದ. ನನಗೆ ಘಾಟೇ ತಿಳಿದಿರಲಿಲ್ಲ. ಆ ವಾಸನೆಯಲ್ಲಿ ಹುಟ್ಟಿದವಳಿಗೆ ಅದು ಮನೆಯ ವಾಸನೆ.

ಜುಗೂಳದಲ್ಲಿ ನಾಮಕರಣ ಮುಗಿದು, ಉಂಡು, ಹೆಂಗಸರು ಹಿತ್ತಲಲ್ಲಿ ಕೂತಿದ್ದರು. ಅತ್ತಿ ಗಂಟು ಬಿಚ್ಚಿದಳು. ಒಳಗಿದ್ದದ್ದು ವಖಾರಿಯ ತಂಬಾಕು, ಜರಡಿಯಲ್ಲಿ ಉಳಿದ ಚೂರು. ಅವಳು ಒಲೆಯ ಮೇಲೆ ಹಳೆಯ ಹಂಚಿಟ್ಟು ತಂಬಾಕನ್ನು ಕರ್ರಗಾಗುವವರೆಗೆ ಹುರಿದಳು, ಕಲ್ಲಿಗೆ ಹಾಕಿ ನುಣ್ಣಗೆ ಅರೆದಳು, ಕಾಗದದ ಪೊಟ್ಟಣ ಕಟ್ಟಿ ಓಣಿಯ ಹೆಂಗಸರಿಗೆ ಒಂದೊಂದಾಗಿ ಹಂಚತೊಡಗಿದಳು. ನಮ್ಮ ಕಡೆ ಅದಕ್ಕೆ ಮಿಶ್ರಿ ಎನ್ನುತ್ತಾರೆ. ಬೆಳಿಗ್ಗೆ ಎದ್ದು ಅದರಲ್ಲಿ ಬೆರಳದ್ದಿ, ಕಟ್ಟೆಯ ಮೇಲೆ ಕೂತು, ಮಾತಾಡುತ್ತ ಅರ್ಧ ತಾಸು ಹಲ್ಲು, ಒಸಡು, ಕೆನ್ನೆಯ ಒಳಗೆಲ್ಲ ತಿಕ್ಕುತ್ತಾರೆ. ಮಧ್ಯಾಹ್ನ ತಲೆ ಭಾರವಾದರೆ ಇನ್ನೊಮ್ಮೆ. ಪೊಟ್ಟಣ ತೆಗೆದುಕೊಳ್ಳುತ್ತಿದ್ದ ಮುಖಗಳನ್ನು ನಾನು ಒಂದೊಂದಾಗಿ ನೋಡಿದೆ. ಎಲ್ಲರೂ ನನ್ನ ಕಾಗದದಲ್ಲಿದ್ದವರು. ಎಲ್ಲರ ಹೆಸರಿನ ಮುಂದೆ ನಾನು ಇಲ್ಲ ಎಂದು ಬರೆದಿದ್ದೆ.

"ಅತ್ತಿ, ತಂಬಾಕ ಮುಟ್ಟೂದಿಲ್ಲ ಅಂತ ಹೇಳಿದ್ರೆಲ್ಲ ನೀವೆಲ್ಲಾ?" ಎಂದೆ.

"ಮುಟ್ಟೂದಿಲ್ಲ, ಖರೇನ" ಎಂದಳು ಅತ್ತಿ, ಅರೆಯುವುದು ನಿಲ್ಲಿಸದೆ. "ಇದ ಮಿಶ್ರಿ. ಹಲ್ಲ ತಿಕ್ಕೂದು. ತಂಬಾಕ ತಿಂದ್ರ ಚಟಾ ಅಂತಾರ, ಮಾರಿ ತೊಳದ್ರ, ಹಲ್ಲ ತಿಕ್ಕಿದ್ರ ಚಟಾ ಅಂತಾರೇನ ತಂಗಿ? ನೀನೂ ಸಣ್ಣಾಕಿದ್ದಾಗ ಇದರಿಂದನ ತಿಕ್ಕಿದಾಕಿ."

ತಿಕ್ಕಿದ್ದೆ. ಧಾರವಾಡದ ಹಾಸ್ಟೆಲಿನಲ್ಲಿ ಹುಡುಗಿಯರು ನನ್ನ ಕಪ್ಪು ಬೆರಳು ನೋಡಿ ನಕ್ಕ ದಿನ ಬಿಟ್ಟಿದ್ದೆ. ನಾಚಿಕೆಗೆ ಬಿಟ್ಟಿದ್ದೇ ಹೊರತು ಅದು ತಂಬಾಕು ಎಂದಲ್ಲ. ಪುಣೆಯವಳೋ ಮದ್ರಾಸಿನವಳೋ ಯಾರಾದರೂ ಆ ಕಟ್ಟೆಯ ಮೇಲೆ ಕೂತಿದ್ದರೆ, ಇವರೆಲ್ಲರ ತೋರುಬೆರಳು ಯಾಕೆ ಕಪ್ಪಾಗಿದೆ ಎಂದು ಮೊದಲ ದಿನವೇ ಕೇಳುತ್ತಿದ್ದಳು. ನಾನು ಅಲ್ಲಿಯವಳು, ಹಾಗಾಗಿ ಕೇಳಲಿಲ್ಲ. ಬಗಲಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಳು ಎನ್ನುತ್ತಾರಲ್ಲ, ಅದು ನನ್ನನ್ನೇ ನೋಡಿ ಹೇಳಿದ ಮಾತು. ಶುದ್ಧ ಎಂದುಕೊಂಡ ಗುಂಪಿನ ಬಾಯಲ್ಲೂ ದಿನಬೆಳಗಾದರೆ ತಂಬಾಕು, ವಖಾರಿಯವರ ಬಾಯಲ್ಲೂ ಅದೇ. ಎರಡು ಮಾಸಿದ ಬಟ್ಟೆಗಳನ್ನು ಜೋಡಿಸಿಟ್ಟು, ಬಣ್ಣ ಒಂದೇ ಇದೆ, ಆದ್ದರಿಂದ ಯಾವುದೂ ಮಾಸಿಲ್ಲ ಎಂದು ಎಂಟು ಪುಟ ಬರೆದಿದ್ದೆ.

ಅತ್ತಿಗೆ ಏನೂ ಹೇಳಲಿಲ್ಲ. ಹೇಳಬೇಕಾದ ಮಾತು ಒಂದೇ ಇತ್ತು, ಇದನ್ನು ಬಿಡಿ ಎಂದು. ಯಾಕೆ ಎಂದು ಕೇಳಿದರೆ ನನ್ನ ತಪ್ಪಿನಿಂದ ಶುರುಮಾಡಬೇಕಿತ್ತು. ಅಲ್ಲಿಂದ ಎದ್ದು ಸಂಜೆಯ ಬಸ್ಸು ಹಿಡಿದೆ.

ಪುಣೆಗೆ ಹೋದವಳೇ ಗುರುಗಳ ಮುಂದೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತ ಕೇಳಿದರು.

"ಯಾರಿಗರ ಹೇಳೀಯೇನು?"

"ಇಲ್ರಿ ಸರ್."

"ಹೇಳಬ್ಯಾಡ. ಮುಂದಿನ ವರ್ಷ ನಿನ್ನ ಬಡ್ತಿ ಕಮಿಟಿ ಕೂಡತೈತಿ. ಅವರ ನೋಡೂದ ಈ ಒಂದ ಲೇಖನಾ. ಮತ್ತ ಇನ್ನೊಂದ ಮಾತ, ತಪ್ಪೈತಿ ಅನ್ನೂ ಮದಲ ಬರೋಬರಿ ಯಾವದ ಅನ್ನೂದ ನಿನಗ ಗೊತ್ತಿರಬೇಕಲ್ಲ? ಮಿಶ್ರಿ ಹಚ್ಚದವರನ್ನ ಹುಡುಕು. ಮತ್ತ ಎಣಿಸು. ಆಮ್ಯಾಲೆ ಹೇಳು."

ಅವರ ಮಾತಿನಲ್ಲಿ ನ್ಯಾಯವೂ ಇತ್ತು, ಅದೇ ನನಗೆ ಮುಳುವಾಯಿತು. ಸುಳ್ಳು ಹೇಳು ಎಂದಿದ್ದರೆ ಜಗಳವಾಡಿ ಎದ್ದು ಬರುತ್ತಿದ್ದೆನೇನೋ. ಅವರು ತಾಳು ಎಂದರು. ತಾಳಿದವಳು ಬಾಳಿಯಾಳು ಎಂದು ನಾನೂ ತಾಳಿದೆ. ಪತ್ರಿಕೆಗೆ ಬರೆಯದೆ ತಾಳಿದ್ದು ಒಂದು ಮಾತು, ಅದನ್ನು ವಿಜ್ಞಾನದ ಹೆಸರಿನಲ್ಲಿ ಹೇಗೋ ಸಮರ್ಥಿಸಬಹುದು. ಮನೆಯಲ್ಲಿ ಬಾಯಿ ತೆರೆಯದೆ ತಾಳಿದ್ದಕ್ಕೆ ಸಮರ್ಥನೆ ಇಲ್ಲ.

ಆ ವರ್ಷ ಮೂರು ನಾಲ್ಕು ಸಲ ನಿಪ್ಪಾಣಿಗೆ ಬಂದೆ. ಪ್ರತಿ ಬೆಳಿಗ್ಗೆ ಚಿಗವ್ವ ಹೊಸ್ತಿಲಲ್ಲಿ ಕೂತು ಮಿಶ್ರಿ ತಿಕ್ಕುತ್ತಿದ್ದಳು. ನಾನು ಒಳಗೆ ನಿಂತು ನೋಡುತ್ತಿದ್ದೆ. ಬಿಡು ಎಂದರೆ ಯಾಕೆ ಎನ್ನುತ್ತಾಳೆ, ಯಾಕೆ ಎಂದು ಹೇಳಿದರೆ ಮಧ್ಯಾಹ್ನದೊಳಗೆ ಇಡೀ ವಖಾರಿಗೆ ಗೊತ್ತಾಗುತ್ತದೆ, ದಿವಾಣಜಿಗೂ ಗೊತ್ತಾಗುತ್ತದೆ, ಅಲ್ಲಿಂದ ಪುಣೆಗೆ ಎಷ್ಟು ದೂರ? ಇದು ನನ್ನ ಲೆಕ್ಕ. ನಿಪ್ಪಾಣಿಯ ವಖಾರಿಯ ಸುದ್ದಿ ಯಾವ ಕಮಿಟಿಗೆ ಮುಟ್ಟುತ್ತಿತ್ತು? ಈಗ ನೆನೆದರೆ ನಾಚಿಕೆಯಾಗುತ್ತದೆ. ಒಮ್ಮೆ ಅವಳು ಕಪ್ಪು ಬೆರಳು ಎತ್ತಿ, "ಏನ ನೋಡಾಕತ್ತಿ ಬೇ ಹಂಗ? ನಿನಗೂ ಬೇಕೇನ?" ಎಂದಳು. ನಾನು ನಕ್ಕು ಒಳಗೆ ಹೋದೆ.

ಬಡ್ತಿಯಾಯಿತು. ಕಮಿಟಿಯ ಹಿರಿಯರೊಬ್ಬರು ಆ ಲೇಖನವನ್ನು ಹೆಸರು ಹಿಡಿದು ಹೊಗಳಿದರು. ನಾನು ಥ್ಯಾಂಕ್ಯೂ ಎಂದೆ.

ಆಮೇಲೆ ಕೆಲಸಕ್ಕೆ ನಿಂತೆ. ಮಿಶ್ರಿ ಮುಟ್ಟದ ಹೆಂಗಸರನ್ನು ಹುಡುಕುವುದು ನಮ್ಮ ಸೀಮೆಯಲ್ಲಿ ಸುಲಭವಲ್ಲ. ದಿಗ್ಗೇವಾಡಿಗೆ ಹೋಗಿ ಬರಿಗೈಯಲ್ಲಿ ಬಂದೆ. ಕೊನೆಗೆ ಅಥಣಿ ಕಡೆಯ ಅನಂತಪುರದಲ್ಲಿ ಬೇವಿನ ಕಡ್ಡಿ, ಬೂದಿಯಲ್ಲೇ ಹಲ್ಲುಜ್ಜುವ ಕೆಲವು ಮನೆತನಗಳು ಸಿಕ್ಕವು. ಈ ಸಲ ಕಾಗದ ತೆಗೆಯಲಿಲ್ಲ. ನಸುಕಿನಲ್ಲಿ ಹೋಗಿ ಅವರ ಅಂಗಳದಲ್ಲಿ ಕೂತು, ಪ್ರಶ್ನೆ ಕೇಳುವ ಮೊದಲು ಬೆರಳು ನೋಡಿದೆ. ಎರಡು ಬೇಸಿಗೆ ಹಿಡಿಯಿತು. ಎಣಿಸಿದಾಗ ಬೇರೆ ಕಥೆ ಹೊರಬಿತ್ತು. ಅನಂತಪುರದವರ ಪಕ್ಕದಲ್ಲಿಟ್ಟು ನೋಡಿದರೆ ಜುಗೂಳದವರ ಕೋಶಗಳಿಗೂ ಪೆಟ್ಟಾಗಿತ್ತು, ವಖಾರಿಯವರ ಕೋಶಗಳಿಗೂ ಆಗಿತ್ತು. ಯಾರ ಪೆಟ್ಟು ಎಷ್ಟು, ಧೂಳಿನದೆಷ್ಟು ಮಿಶ್ರಿಯದೆಷ್ಟು ಎಂದು ಬಿಡಿಸಿ ಹೇಳುವುದಕ್ಕೆ ಆ ಕೆಲಸ ಸಾಲದು. ಆದರೆ ಏನೂ ಆಗಿಲ್ಲ ಎಂಬ ನನ್ನ ಮಾತು ನಿಲ್ಲುವುದಿಲ್ಲ ಎಂಬುದಂತೂ ಖಾತ್ರಿಯಾಯಿತು.

ಉದ್ದಕ್ಕೆ ಬರೆದು ಕಳಿಸಿದೆ. ಪತ್ರಿಕೆಯವರು ಕತ್ತರಿಸಿ ಅರ್ಧ ಪುಟದ ತಿದ್ದುಪಡಿಯಾಗಿ, ಸಂಚಿಕೆಯ ಕೊನೆಯಲ್ಲಿ ಹಾಕಿದರು. ಆಮೇಲಿನ ವರ್ಷಗಳಲ್ಲಿ ಸೂಚಿಯ ಸಂಪುಟ ಬಂದಾಗಲೆಲ್ಲ ನೋಡಿದ್ದೇನೆ. ತಿದ್ದುಪಡಿಯ ಕೆಳಗೆ ಉಗುರಿನಷ್ಟೂ ಜಾಗವಿಲ್ಲ. ಹಳೆಯ ಲೇಖನದ ಕೆಳಗೆ ಬೆರಳು ದಾಟಿ ಅಂಗೈ ಅಳತೆಗೆ ಬಂತು. ಅವರ ಪಟ್ಟಿಯಿಂದ ಇವರು, ಇವರ ಪಟ್ಟಿಯಿಂದ ಇನ್ನೊಬ್ಬರು ನಕಲು ಮಾಡಿಕೊಳ್ಳುತ್ತಾರೆ, ಮೂಲವನ್ನು ತೆರೆದು ನೋಡುವವರಿಲ್ಲ. ನಮ್ಮ ವೃತ್ತಿಯಲ್ಲಿ ಅದನ್ನು ಯಾರೂ ಚಟ ಎನ್ನುವುದಿಲ್ಲ.

ಆ ಅರ್ಧ ಪುಟ ಕೈಗೆ ಬಂದ ವಾರವೇ ನಿಪ್ಪಾಣಿಗೆ ಬಂದೆ. ಮನೆಗೂ ಹೋಗದೆ ನೇರ ವಖಾರಿಗೆ ಹೋದೆ. ದಿವಾಣಜಿ ಎದ್ದು ನಿಂತು ಕುರ್ಚಿ ಕೊಟ್ಟ. ಅವನಿಗೆ ನಾನು ದೊಡ್ಡ ವ್ಯಕ್ತಿ. ನಾನು ತಿದ್ದುಪಡಿಯ ಪ್ರತಿ ಅವನ ಮುಂದಿಟ್ಟು, ಮೊದಲಿನದು ತಪ್ಪು, ಅದನ್ನು ಇನ್ನು ಯಾರಿಗೂ ತೋರಿಸಬೇಡಿ ಎಂದೆ. ಅವನು ಕಪಾಟಿನಿಂದ ಹಳೆಯದನ್ನು ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ.

"ಅದ ಎಂಟ ಪಾನ ಐತ್ರಿ ಬಾಯಾರ" ಎಂದ. "ಇದ ಅರ್ಧಾ ಪಾನ. ಮಾಲಕರಿಗೆ ಏನಂತ ತೋರಸ್ಲಿ?"

ಅವನ ಮಾತಿನಲ್ಲಿ ಕುಹಕವಿರಲಿಲ್ಲ. ನಿಜಕ್ಕೂ ಅವನಿಗೆ ಅದೇ ಪ್ರಶ್ನೆ. ನಾನು ಕಾಗದ ಅಲ್ಲೇ ಬಿಟ್ಟು ಒಳಗಿನ ಕೋಣೆಗೆ ಹೋದೆ. ಜರಡಿ ಹಿಡಿದಿದ್ದ ಹೆಂಗಸರು ಕೈ ನಿಲ್ಲಿಸಿದರು. ಚಿಗವ್ವ ನಡುವೆ ಕೂತಿದ್ದಳು. ಅಲ್ಲೇ ಧೂಳಿನಲ್ಲಿ ನಿಂತು, ಕೆಮ್ಮುತ್ತ, ನಮ್ಮ ಮಾತಿನಲ್ಲೇ ಹೇಳಿದೆ. "ನಾ ಬರದದ್ದ ತಪ್ಪ ಆಗಿತ್ತು. ಧೂಳದಿಂದ ಏನೂ ಆಗೂದಿಲ್ಲ ಅಂತ ಹೇಳಾಕ ಬರೂದಿಲ್ಲ. ಮಿಶ್ರಿನೂ ತಂಬಾಕನ. ಬಾಯಿ ಕೆಡಸ್ತೈತಿ. ಇವತ್ತಿನಿಂದ ಬಿಡ್ರಿ."

ಒಬ್ಬ ಮುದುಕಿ, "ಅಂದ್ರ ಕಣ್ಣ ಉರಿಯೂದ ಖರೆ ಅಂತಾತು" ಎಂದಳು. ಮರುವಾರ ಹೆಂಗಸರೆಲ್ಲ, ಕಿಟಕಿ ತೆರೆಯುವವರೆಗೆ ಜರಡಿ ಮುಟ್ಟುವುದಿಲ್ಲ ಎಂದು ಅಂಗಳದಲ್ಲಿ ಕೂತರಂತೆ. ಮಾಲಕರು ಎರಡರಲ್ಲಿ ಒಂದು ಕಿಟಕಿ ತೆರೆಸಿದರು. ಆ ಗೆಲುವು ಅವರದು, ನನ್ನ ಪಾಲು ಅದರಲ್ಲಿಲ್ಲ.

ಆ ದಿನ ಕೆಲಸ ಬಿಟ್ಟ ಮೇಲೆ ಚಿಗವ್ವನ ಜೊತೆ ಮನೆಗೆ ನಡೆದೆ. ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ. ಬಾಯಿ ತುಂಬ ಮಾತಿನ ಹೆಂಗಸು ಸುಮ್ಮನೆ ನಡೆದರೆ ಪಕ್ಕದಲ್ಲಿ ನಡೆಯುವುದು ಕಷ್ಟ. ಮನೆಗೆ ಬಂದು ಕೈಕಾಲು ತೊಳೆದು, "ಬ್ಯಾಟರಿ ತೊಗೊಂಡ ಬಾ" ಎಂದಳು. ತಂದು ಹಚ್ಚಿದೆ. ಅವಳು ಬೆಳಕಿನ ಕಡೆ ತಿರುಗಿ ಕೂತು ಬಾಯಿ ತೆರೆದು, ಎಡಗೆನ್ನೆಯನ್ನು ಬೆರಳಿನಿಂದ ಹೊರಗೆ ಎಳೆದು ಹಿಡಿದಳು. ಒಳಗೆ ಬಿಳಿಯ ಕಲೆ, ಅದರ ನಡುವೆ ಕೆಂಪಗೆ ಒಡೆದ ಹುಣ್ಣು, ಅಂಚು ಗಟ್ಟಿಯಾಗಿತ್ತು. ಇದೇ ಕೆನ್ನೆಯನ್ನು ನಾನು ಕಡ್ಡಿಯಿಂದ ಕೆರೆದಾಗ ಅಲ್ಲಿ ಏನೂ ಇರಲಿಲ್ಲ.

"ಎಷ್ಟ ದಿನಾ ಆತು ಚಿಗವ್ವಾ?"

"ಹ್ವಾದ ವರ್ಷ ಶ್ರಾವಣದಾಗ ಶುರು ಆತು. ಖಾರ ತಿಂದ್ರ ಉರೀತಿತ್ತು. ಮಿಶ್ರಿ ಹಚ್ಚಿದ್ರ ಆರಾಮ ಅನಸ್ತಿತ್ತು, ಅದಕ್ಕ ಜಾಸ್ತಿ ಹಚ್ಚಿದೆ. ನಿಮ್ಮವ್ವಗ ಹೇಳಿಲ್ಲ." ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ನನ್ನನ್ನೇ ನೋಡಿದಳು. "ಮಿಶ್ರಿ ಕೆಡಸ್ತೈತಿ ಅಂತ ನಿನಗ ಯಾವಾಗ ಗೊತ್ತಾತು?"

ಒಬ್ಬಳ ಕೆನ್ನೆಯಿಂದ ಯಾವುದೂ ಸಾಬೀತಾಗುವುದಿಲ್ಲ ಎಂದು ನಾನು ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತೇನೆ. ಅದು ಸರಿಯಾದ ಪಾಠ. ಆ ಹೊತ್ತಿನಲ್ಲಿ ಅದು ನನ್ನ ನಾಲಿಗೆಯವರೆಗೂ ಬಂತು, ನುಂಗಿಕೊಂಡೆ.

"ಜುಗೂಳದ ನಾಮಕರಣಕ್ಕ ಹೋದಾಗ" ಎಂದೆ.

ಅವಳು ಬೆರಳು ಮಡಚಿ ಎಣಿಸಿದಳು. ಒಂದು ದೀಪಾವಳಿ, ಇನ್ನೊಂದು ದೀಪಾವಳಿ, ಮತ್ತೊಂದು. ಎಣಿಸಿ ಮುಗಿದ ಮೇಲೂ ಬೆರಳು ಬಿಡಿಸಲಿಲ್ಲ. ಅವ್ವ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು.

"ತಪ್ಪ ಬರದದ್ದಕ್ಕ ನನಗ ಸಿಟ್ಟಿಲ್ಲ ಬೇ. ಕೈ ಅಂದಮ್ಯಾಲೆ ತಪ್ಪತೈತಿ" ಎಂದಳು ಚಿಗವ್ವ. "ಆದ್ರ ನನಗ ಒಂದ ಮಾತ ಹೇಳಬೇಕಿತ್ತ ನೀ. ಡಾಕ್ಟರ್ ಹೇಳಿದ್ರ ಬಿಡತಿದ್ದಿಲ್ಲ ನಾ. ನೀ ಹೇಳಿದ್ರ ಅವತ್ತ ಬಿಡತಿದ್ದೆ."

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅವಳನ್ನು ಮಿರಜದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಡಾಕ್ಟರು ಎಷ್ಟು ವರ್ಷದಿಂದ ಮಿಶ್ರಿ ಹಚ್ಚುತ್ತೀರಿ ಎಂದು ಕೇಳಿದರು. ಅವಳು ಬಿಟ್ಟೇನ್ರಿ ಎಂದಳು. ಯಾವಾಗಿನಿಂದ ಎಂದು ಕೇಳಿದ್ದಕ್ಕೆ, ನಿನ್ನೆಯಿಂದ ಎಂದಳು.